ಮೇಜಿನ ಮೇಲಿನ ನಲವತ್ತು ಲಾರಿಗಳು

ನಮ್ಮಕ್ಕನಿಗೆ ಸಿಟ್ಟೇ ಬರುವುದಿಲ್ಲ ಎಂದು ಎಲ್ಲರೂ ಹೇಳುತ್ತಾರೆ. ನಿಜವೇ. ಅವಳ ಪಾಲಿನದೂ ಸೇರಿ ನನಗೇ ಬಂದುಬಿಟ್ಟಿದೆ. ಹೋದ ವರ್ಷ ನಡೆದದ್ದನ್ನು ನೆನೆದರೆ ಈಗಲೂ ನನಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿಯುತ್ತದೆ. ಆದ್ದರಿಂದ ಇದನ್ನು ತಣ್ಣಗೆ ಕೂತು ಹೇಳುತ್ತೇನೆಂದು ಯಾರೂ ಅಂದುಕೊಳ್ಳಬೇಡಿ.

ಅಕ್ಕ ಲಾರಿಗಳ ವಯರಿಂಗ್ ಕೆಲಸದವಳು. ಅವಳ ನಿಜವಾದ ಹೆಸರು ಸಂಬಳದ ಪಟ್ಟಿಯಲ್ಲಿ ಮಾತ್ರ ಇತ್ತು. ಯಾರ್ಡಿನಲ್ಲಿ ಅವಳು ವಯರಕ್ಕ. ಭಾವನಿಗೆ ಗಾಡಿಗಳ ಎಲೆಕ್ಟ್ರಿಕಲ್ ಅಂಗಡಿ ಇತ್ತು. ಮದುವೆಯಾದ ಆರನೇ ವರ್ಷಕ್ಕೆ ಅವರ ಕೈ ನಡುಗಲು ಶುರುವಾಯಿತು. ಸ್ಕ್ರೂ ಒಂದು ಕಡೆ, ಸ್ಕ್ರೂಡ್ರೈವರ್ ಇನ್ನೊಂದು ಕಡೆ. ಅಂದಿನಿಂದ ಬಾಯಿ ಭಾವನದು, ಕೈ ಅಕ್ಕನದು. ಅವರು ಸ್ಟೂಲಿನ ಮೇಲೆ ಕೂತು "ಕಂದು ವಯರ್ ಬಿಡು, ಅದರ ಕೆಳಗಿಂದು ಹಿಡಿ" ಎನ್ನುವರು. ಇವಳು ಡ್ಯಾಶ್‌ಬೋರ್ಡಿನ ಕೆಳಗೆ ತಲೆ ತೂರಿಸಿ ಹಿಡಿಯುವಳು. ಒಂಬತ್ತು ವರ್ಷ ಹೀಗೆ ನಡೆಯಿತು. ಭಾವ ತೀರಿಕೊಳ್ಳುವ ಹೊತ್ತಿಗೆ ಅವಳಿಗೆ ಹೇಳಿಕೊಡುವವರ ಅಗತ್ಯವೇ ಇರಲಿಲ್ಲ. ಅಂಗಡಿ ಮುಚ್ಚಿ, ನಾನು ಗುಮಾಸ್ತನಾಗಿದ್ದ ಸರಕು ಸಾಗಣೆ ಕಂಪನಿಯ ಯಾರ್ಡಿಗೇ ಕೆಲಸಕ್ಕೆ ಸೇರಿದಳು. ನನಗೆ ಓದು ಹತ್ತಿತ್ತು, ಕೈಕೆಲಸ ಹತ್ತಿರಲಿಲ್ಲ. ಈ ಮಾತು ಮುಂದೆ ಬೇಕಾಗುತ್ತದೆ, ಈಗಲೇ ಒಪ್ಪಿಕೊಂಡುಬಿಡುತ್ತೇನೆ.

ನಮ್ಮ ಕಂಪನಿಯದು ನಲವತ್ತು ಲಾರಿ. ಸರಕು ಸಾಗಿಸುವ ಎಲ್ಲ ಬಾಡಿಗೆ ಗಾಡಿಗಳಿಗೂ ಜಿಪಿಎಸ್ ಪೆಟ್ಟಿಗೆ ಕಡ್ಡಾಯ ಎಂದು ಸರ್ಕಾರದ ಆದೇಶ ಬಂತು. ಅದನ್ನು ಯಾರು ಬೇಕಾದರೂ ಸಿಕ್ಕಿಸುವಂತಿಲ್ಲ. ಪರೀಕ್ಷೆ ಪಾಸಾಗಿ ಅನುಮತಿ ಪಡೆದ ಫಿಟ್ಟರೇ ಲಾರಿಯೊಳಗೆ ಕೂತು ಪೆಟ್ಟಿಗೆ ಜೋಡಿಸಿ, ಆ ಲಾರಿಯ ಬ್ಯಾಟರಿಗೇ ವಯರ್ ಕೊಟ್ಟು, ಫಾರಂ ಮೇಲೆ ಸಹಿ ಹಾಕಬೇಕು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟಿದ್ದ ಅಕ್ಕ ನಲವತ್ತಮೂರನೇ ವಯಸ್ಸಿಗೆ ಆ ಪರೀಕ್ಷೆಗೆ ಕೂತಳು. ಎರಡು ತಿಂಗಳು ನಾನು ಓದಿ ಹೇಳಿದೆ, ಅವಳು ಪಾತ್ರೆ ತೊಳೆಯುತ್ತಲೇ ಬಾಯಿಪಾಠ ಮಾಡಿದಳು. ಒಂದು ಪ್ರಶ್ನೆಗೆ ಉತ್ತರದ ಜಾಗದಲ್ಲಿ 'ಈ ಚಿತ್ರದಲ್ಲಿ ಫ್ಯೂಸ್ ತಪ್ಪು ಜಾಗದಲ್ಲಿದೆ, ಗಾಡಿ ಸುಟ್ಟು ಹೋಗುತ್ತದೆ' ಎಂದು ಬರೆದು ಬಂದಳಂತೆ. ಪರೀಕ್ಷಕರು ಪುಸ್ತಕ ತೆಗೆದು ನೋಡಿದರೆ ಚಿತ್ರವೇ ತಪ್ಪಿತ್ತು. ಫೋಟೋ ಅಂಟಿಸಿದ ಆ ಅನುಮತಿ ಕಾರ್ಡನ್ನು ಅವಳು ಪ್ಲಾಸ್ಟಿಕ್ ಕವರಿಗೆ ಹಾಕಿ ಕೊರಳಿಗೆ ತೂಗಿಕೊಂಡಳು. ಅವಳಿಗೆ ಅಷ್ಟು ಖುಷಿಯಾದದ್ದನ್ನು ನಾನು ಮೊದಲು ಕಂಡಿರಲಿಲ್ಲ.

ಆದೇಶ ಬಂದದ್ದು ಗಡುವಿಗೆ ಎಂಟು ತಿಂಗಳು ಮೊದಲು. ನಮ್ಮ ಮ್ಯಾನೇಜರ್ ಎಂಬ ಮಹಾಶಯ ಏಳು ತಿಂಗಳು ಇಪ್ಪತ್ತಾರು ದಿನ ಏನು ಮಾಡಿದ? "ಇನ್ನೂ ಟೈಮಿದೆ" ಎಂದ. ಅಕ್ಕ ತಿಂಗಳಿಗೊಮ್ಮೆ ಹೋಗಿ ನೆನಪಿಸುವಳು, ತಿಂಗಳಿಗೊಮ್ಮೆ ಅದೇ ಉತ್ತರ ಕೇಳಿ ಬರುವಳು. ಕೊನೆಗೆ ನಾಲ್ಕೇ ದಿನ ಉಳಿದಾಗ ಮನೆಗೆ ಬೆಂಕಿ ಬಿದ್ದವನ ಹಾಗೆ ಬಾವಿ ತೋಡಲು ಓಡಿದ. ಪೆಟ್ಟಿಗೆಗಳೇನೋ ಬಂದವು. ಆದರೆ ಲಾರಿಗಳೆಲ್ಲಿ? ಮೂವತ್ತಾರು ಲಾರಿ ದಾರಿಯ ಮೇಲಿದ್ದವು.

ಆಗ ಅವನ ತಲೆಗೆ ಒಂದು ಉಪಾಯ ಹೊಳೆಯಿತು. ವರ್ಕ್‌ಶಾಪಿನ ಉದ್ದನೆಯ ಮೇಜಿನ ಮೇಲೆ ನಲವತ್ತು ಪೆಟ್ಟಿಗೆಗಳನ್ನು ಸಾಲಾಗಿ ಇಡಿಸಿದ. ಎರಡು ಹಳೆಯ ಬ್ಯಾಟರಿ ತರಿಸಿ ಎಲ್ಲಕ್ಕೂ ಅದರಿಂದಲೇ ವಯರ್ ಕೊಡಲು ಹೇಳಿದ. ಮುಚ್ಚಳದ ಮೇಲೆ ಒಂದೊಂದು ಲಾರಿಯ ನಂಬರಿನ ಚೀಟಿ.

"ಪೆಟ್ಟಿಗೆಗೆ ಬೇಕಾಗಿರೋದು ಕರೆಂಟು ತಾನೆ? ಲಾರಿ ಬ್ಯಾಟರಿ ಆದ್ರೇನು, ಮೇಜಿನ ಬ್ಯಾಟರಿ ಆದ್ರೇನು?" ಎಂದ.

"ಸಾರ್, ಲಾರಿ ಮುಖಾನೇ ನೋಡ್ದೆ ಹಾಕಿದೀನಿ ಅಂತ ನಾನು ಹೇಗೆ ಸಹಿ ಮಾಡ್ಲಿ?" ಎಂದಳು ಅಕ್ಕ.

"ಇವತ್ತು ಸಹಿ, ನಾಳೆ ಕೆಲಸ. ಲಾರಿ ಬಂದ್ಬಂದ ಹಾಗೆ ಹಾಕೇ ಹಾಕ್ತೀಯಲ್ಲಮ್ಮ. ಗಡುವು ದಾಟಿದ್ರೆ ನಲವತ್ತು ಲಾರೀನೂ ನಿಲ್ಲಿಸ್ತಾರೆ. ನಲವತ್ತು ಮನೆ ಒಲೆ ಆರುತ್ತೆ. ಅದು ನಿನ್ನ ತಲೆ ಮೇಲೆ, ನೋಡ್ಕೋ."

ಎಂಟು ತಿಂಗಳು ಕಾಲು ಚಾಚಿ ಮಲಗಿದ್ದವನು ಇವನು, ಪಾಪ ಮಾತ್ರ ಅವಳ ತಲೆ ಮೇಲೆ! ಅಕ್ಕ ನನ್ನ ಮುಖ ನೋಡಿದಳು. ಆಗ ನಾನು ಏನಂದೆ ಗೊತ್ತೆ? "ಮಾಡಿಬಿಡು ಅಕ್ಕ, ಎಲ್ಲ ಕಡೆ ಹೀಗೇ ನಡೆಯೋದು" ಎಂದೆ. ಇದನ್ನು ಬರೆಯುವಾಗ ನನ್ನ ಕಪಾಳಕ್ಕೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ. ಅವಳು ಕೂತು ನಲವತ್ತು ಫಾರಂಗಳಿಗೆ, ಒಂದೊಂದಾಗಿ, ದುಂಡಗೆ ಸಹಿ ಹಾಕಿದಳು.

ಅಂದು ಮಧ್ಯಾಹ್ನ ಹನ್ನೊಂದು ಪೆಟ್ಟಿಗೆಗಳ ದೀಪ ಹತ್ತಲಿಲ್ಲ. ಒಳಗೆ ಸಿಮ್ ಸಡಿಲವಾಗಿತ್ತು. ಅಷ್ಟರಲ್ಲಿ ಗೇಟಿನ ಹತ್ತಿರ ಯಾವುದೋ ಲಾರಿಯ ಸ್ಟಾರ್ಟರ್ ಕೆಟ್ಟು ಅಕ್ಕ ಅಲ್ಲಿಗೆ ಓಡಿದಳು. "ನಾನ್ ಮಾಡ್ತೀನಿ ಬಿಡು, ಸಿಮ್ ಒತ್ತೋದು ಏನ್ ಮಹಾ" ಎಂದು ನಾನೇ ಮುಚ್ಚಳ ಬಿಚ್ಚಿದೆ. ಸಿಮ್ ಒತ್ತಿದೆ. ಮುಚ್ಚಳಗಳಲ್ಲಿ ಎರಡು ಜಾರಿ ಮೇಜಿನ ಕೆಳಗೆ ಬಿದ್ದವು. ಎತ್ತಿ, ಖಾಲಿ ಕಂಡ ಎರಡಕ್ಕೆ ಹಾಕಿದೆ. ಪೆಟ್ಟಿಗೆಯ ಒಳಗೆ ಹದಿನೈದು ಅಂಕಿಯ ನಂಬರ್ ಇರುತ್ತದೆ, ಅದನ್ನು ಪಟ್ಟಿಯೊಂದಿಗೆ ತಾಳೆ ನೋಡಬೇಕಿತ್ತು. ನೋಡಲಿಲ್ಲ. ನಲವತ್ತು ಹಸಿರು ದೀಪ ಹತ್ತಿದ ಸಂತೋಷಕ್ಕೆ ಚಹಾ ಕುಡಿಯಲು ಹೋದೆ.

ಕಂಪ್ಯೂಟರಿನ ನಕ್ಷೆಯಲ್ಲಿ ನಲವತ್ತು ಚುಕ್ಕೆ ಒಂದರ ಮೇಲೊಂದು ಬಿದ್ದು ಒಂದೇ ಚುಕ್ಕೆಯಂತೆ ಕಾಣುತ್ತಿತ್ತು. ಇಷ್ಟಗಲ ಜಾಗದಲ್ಲಿ ನಲವತ್ತು ಲಾರಿ ಹೇಗೆ ನಿಂತವು ಎಂದು ಸರ್ಕಾರಿ ಕಚೇರಿಯಲ್ಲಿ ಒಬ್ಬನಾದರೂ ಕೇಳಬಾರದೆ? ಕೇಳಲಿಲ್ಲ. ಸಂಜೆಯ ಹೊತ್ತಿಗೆ ನಲವತ್ತು ಸರ್ಟಿಫಿಕೇಟ್ ಬಂದವು, ಮ್ಯಾನೇಜರ್ ಎಲ್ಲರಿಗೂ ಸಿಹಿ ಹಂಚಿದ. ಆಮೇಲೆ ಲಾರಿಗಳು ಬಂದ ಹಾಗೆ ಅಕ್ಕ ಮುಚ್ಚಳದ ಚೀಟಿ ನೋಡಿ ಆಯಾ ಪೆಟ್ಟಿಗೆಯನ್ನು ಆಯಾ ಲಾರಿಗೆ ಹಾಕಿದಳು. ಅವಳ ಕೆಲಸದಲ್ಲಿ ಒಂದು ವಯರ್ ಕೂಡ ಹೆಚ್ಚುಕಡಿಮೆ ಇರಲಿಲ್ಲ.

ಈಗ ನಿಧಾನಪ್ಪನ ವಿಷಯ ಹೇಳಬೇಕು. ಹದಿನೇಳನೇ ನಂಬರ್ ಲಾರಿಯ ಡ್ರೈವರ್, ಐವತ್ತೆಂಟು ವಯಸ್ಸು. ಇಪ್ಪತ್ತಾರು ವರ್ಷದಲ್ಲಿ ಅವರ ಲಾರಿ ನಲವತ್ತೈದು ಕಿಲೋಮೀಟರ್ ವೇಗ ದಾಟಿದ್ದನ್ನು ಕಂಡವರಿಲ್ಲ. ಅದಕ್ಕೇ ಆ ಹೆಸರು. ಸೈಕಲ್ಲಿನವರೂ ಅವರನ್ನು ಹಿಂದೆ ಹಾಕುತ್ತಾರೆ ಎಂದು ಹುಡುಗರು ರೇಗಿಸುವರು. "ಬೇಗ ಹೋದೋರು ಎಲ್ಲಿಗೆ ಹೋದ್ರೋ ನಾನೂ ಅಲ್ಲಿಗೇ ಹೋಗೋದು, ಅವಸರ ಏನು?" ಎಂದು ಅವರು ನಗುವರು. ಒಂದು ಅಪಘಾತವಿಲ್ಲ, ಒಂದು ದಂಡವಿಲ್ಲ, ಒಂದು ತೊಟ್ಟು ಕುಡಿತವಿಲ್ಲ.

ಅಂಥವರನ್ನು ತಿಂಗಳು ಮುಗಿದ ಮೇಲೆ ಮ್ಯಾನೇಜರ್ ತನ್ನ ಕೋಣೆಗೆ ಕರೆಸಿದ. ಜಿಪಿಎಸ್ ವರದಿಯನ್ನು ಮುದ್ರಿಸಿಕೊಟ್ಟವನು ನಾನೇ, ಹಾಗಾಗಿ ನಾನೂ ಅಲ್ಲೇ ನಿಂತಿದ್ದೆ.

"ಹನ್ನೊಂದನೇ ತಾರೀಕು ತೊಂಬತ್ತೆರಡು ಸ್ಪೀಡು. ಹದಿಮೂರಕ್ಕೆ ಹೆದ್ದಾರಿ ಪಕ್ಕದ ಬಾರ್ ಮುಂದೆ ಒಂದು ಗಂಟೆ ನಲವತ್ತು ನಿಮಿಷ. ಹದಿನೆಂಟಕ್ಕೆ ಮತ್ತೆ ಅದೇ ಬಾರ್. ಈ ವಯಸ್ಸಲ್ಲಿ ಇದೇನಪ್ಪಾ ಶುರು ಹಚ್ಕೊಂಡೆ?"

"ಸಾರ್, ಆ ಗಾಡಿ ತೊಂಬತ್ತೆರಡು ಓಡೋದೇ ಇಲ್ಲ. ಅರವತ್ತಕ್ಕೇ ಬಾಗ್ಲು ಬಡ್ಕೊಳ್ಳೋಕೆ ಶುರುಮಾಡುತ್ತೆ."

"ಹಾಗಾದ್ರೆ ಮಷೀನು ಸುಳ್ಳು ಹೇಳ್ತಾ?"

"ಮಷೀನ್ ವಿಷ್ಯ ನಂಗೊತ್ತಿಲ್ಲ ಸಾರ್. ನಾನಂತೂ ಹೇಳ್ತಿಲ್ಲ."

ಇಪ್ಪತ್ತಾರು ವರ್ಷ ಕಣ್ಣೆದುರು ಕಂಡ ಮನುಷ್ಯ ಒಂದು ಕಡೆ, ಒಂದು ತಿಂಗಳ ಹಿಂದೆ ಬಂದ ಅಂಗೈಯಗಲದ ಪೆಟ್ಟಿಗೆ ಇನ್ನೊಂದು ಕಡೆ. ಎಲ್ಲರೂ ಪೆಟ್ಟಿಗೆಯ ಕಡೆ ನಿಂತರು. ಅವರನ್ನು ಕೆಲಸದಿಂದ ನಿಲ್ಲಿಸಿ, ಲೈಸೆನ್ಸ್ ಅಮಾನತು ಮಾಡಬೇಕೆಂದು ಸಾರಿಗೆ ಕಚೇರಿಗೆ ಪತ್ರ ಹೋಯಿತು. ಅದೇ ವಾರ ಇಪ್ಪತ್ತಮೂರನೇ ಲಾರಿಯ ವರದಿಯನ್ನು ಮ್ಯಾನೇಜರ್ ನೋಟೀಸ್ ಬೋರ್ಡಿಗೆ ಹಚ್ಚಿಸಿದ. ಆ ಲಾರಿಯ ಡ್ರೈವರ್ ಅವನ ಹೆಂಡತಿಯ ತಮ್ಮ, ಯಾರ್ಡಿನಲ್ಲಿ ರಾಕೆಟ್ ಎಂದೇ ಹೆಸರಾದವನು. ಅವನ ಲಾರಿಯೂ ನಿಧಾನಪ್ಪನದೂ ಒಂದೇ ಕಾರ್ಖಾನೆಯಿಂದ ಒಂದೇ ಗೋದಾಮಿಗೆ, ಒಂದೇ ದಾರಿಯಲ್ಲಿ ಓಡುತ್ತಿದ್ದವು. ವರದಿಯ ಪ್ರಕಾರ ರಾಕೆಟ್ ತಿಂಗಳಿಡೀ ನಲವತ್ತೈದು ದಾಟಿರಲಿಲ್ಲ. "ನೋಡ್ರೋ, ಜವಾಬ್ದಾರಿ ಬಂದ್ರೆ ಮನುಷ್ಯ ಹೇಗೆ ಬದಲಾಗ್ತಾನೆ" ಎಂದು ಮ್ಯಾನೇಜರ್ ಮಹಾಶಯ ಎಲ್ಲರಿಗೂ ಉಪದೇಶ ಮಾಡಿದ.

ನಿಧಾನಪ್ಪ ನಾಲ್ಕನೇ ದಿನ ತಮ್ಮ ಸಾಮಾನು ತೆಗೆದುಕೊಂಡು ಹೋಗಲು ಬಂದಿದ್ದರು. ಮನೆಯಲ್ಲಿ ಏನಂದರು ಎಂದು ಕೇಳಿದೆ.

"ಅವಳು ಏನೂ ಅನ್ಲಿಲ್ಲ ತಮ್ಮಾ. ಊಟಕ್ಕೆ ಬಡಿಸುವಾಗ ಸ್ವಲ್ಪ ಹತ್ರ ಬಗ್ಗಿ ನನ್ನ ಬಾಯಿ ವಾಸನೆ ನೋಡಿದ್ಲು. ಮೂವತ್ತು ವರ್ಷದಲ್ಲಿ ಮೊದಲ್ನೇ ಸಲ" ಎಂದರು.

ಅವರನ್ನು ಗೇಟಿನವರೆಗೆ ಬಿಟ್ಟು ಬಂದು ನನ್ನ ಕುರ್ಚಿಯಲ್ಲಿ ಕೂತೆ. ಎದುರಿಗೆ ಕಂಪ್ಯೂಟರು, ಅದರ ಹಿಂದೆ ಕಿಟಕಿ, ಕಿಟಕಿಯಾಚೆ ಯಾರ್ಡು. ಪರದೆಯ ಮೇಲೆ ಹದಿನೇಳನೇ ಲಾರಿಯ ಚುಕ್ಕೆ ಹೆದ್ದಾರಿಯಲ್ಲಿ ಎಂಬತ್ತೆಂಟರ ವೇಗದಲ್ಲಿ ಓಡುತ್ತಿತ್ತು. ಕಣ್ಣೆತ್ತಿ ಕಿಟಕಿಯಾಚೆ ನೋಡಿದೆ. ಹದಿನೇಳನೇ ಲಾರಿ ಬೇಲಿಯ ಪಕ್ಕ ನಿಂತಿತ್ತು. ಬಾನೆಟ್ಟಿನ ಮೇಲೆ ಕಾಗೆ ಕೂತಿತ್ತು. ನಾಲ್ಕು ದಿನದಿಂದ ನಾನು, ಮ್ಯಾನೇಜರ್, ಕಂಪನಿಯ ಯಜಮಾನರು ಎಲ್ಲರೂ ಆ ಪರದೆಯನ್ನೇ ನೋಡುತ್ತಿದ್ದೆವು. ಒಬ್ಬರೂ ಕಿಟಕಿಯಾಚೆ ನೋಡಿರಲಿಲ್ಲ. ಮೇಜಿನ ಕೆಳಗೆ ಬಿದ್ದ ಎರಡು ಮುಚ್ಚಳ ನೆನಪಾಗಿ ಕುರ್ಚಿ ಬಿಟ್ಟು ಓಡಿದೆ.

ಅಕ್ಕ ವರ್ಕ್‌ಶಾಪಿನಲ್ಲಿ ಹೆಡ್‌ಲೈಟ್ ಬಿಚ್ಚುತ್ತಿದ್ದಳು. ಎಲ್ಲ ಹೇಳಿದೆ. ಬೈಯುತ್ತಾಳೆಂದು ಕಾದೆ. ಅವಳು ಟೆಸ್ಟ್ ಲ್ಯಾಂಪನ್ನು ಕೆಳಗಿಟ್ಟು, ಕೈ ಒರೆಸಿಕೊಂಡು, ಹದಿನೇಳನೇ ಲಾರಿ ಹತ್ತಿ ಪೆಟ್ಟಿಗೆಯ ಮುಚ್ಚಳ ಬಿಚ್ಚಿ ಒಳಗಿನ ನಂಬರ್ ಓದಿದಳು. ಪಟ್ಟಿಯಲ್ಲಿ ಅದು ಇಪ್ಪತ್ತಮೂರರದು.

"ಭಾನುವಾರ ಯಾರೂ ಇಲ್ದಿರುವಾಗ ಎರಡನ್ನೂ ಬದಲಾಯಿಸಿಬಿಡೋಣ ಅಕ್ಕ. ಯಾರಿಗೂ ಗೊತ್ತಾಗಲ್ಲ" ಎಂದೆ.

"ಪೆಟ್ಟಿಗೆ ಬದಲಾಯಿಸ್ತೀಯ. ಆ ಮನುಷ್ಯನ ಮೇಲೆ ಬಿದ್ದ ಮಾತನ್ನ ಯಾವ ಸ್ಕ್ರೂಡ್ರೈವರಲ್ಲಿ ಬಿಚ್ತೀಯೋ?" ಎಂದಳು.

ಇಬ್ಬರೂ ಮ್ಯಾನೇಜರ್ ಹತ್ತಿರ ಹೋದೆವು. ಅಕ್ಕ ಕಿಟಕಿಯನ್ನೂ ಪರದೆಯನ್ನೂ ತೋರಿಸಿದಳು. ಅವನ ಮುಖ ಒಂದು ಗಳಿಗೆ ಬಿಳುಚಿತು. ಹಾರಿದ್ದೂ ಕುಡಿದದ್ದೂ ತನ್ನ ಬಾಮೈದನೇ ಎಂದು ಅವನಿಗೆ ಹೊಳೆದಿತ್ತು. ಎದ್ದು ಬಾಗಿಲು ಹಾಕಿಕೊಂಡು ಬಂದ.

"ಪೆಟ್ಟಿಗೆ ಅದಲುಬದಲು ಆಗಿದೆ ಅಂತ ಕಚೇರಿಗೆ ಹೇಳಿದ್ರೆ, ಹೇಗಾಯ್ತು ಅಂತ ಕೇಳ್ತಾರೆ. ಮೇಜಿನ ವಿಷ್ಯ ಹೊರಗೆ ಬರುತ್ತೆ. ನಲವತ್ತು ಸರ್ಟಿಫಿಕೇಟೂ ಹೋಗುತ್ತೆ. ನಿಧಾನಪ್ಪನ್ನ ವಾಪಸ್ ತಗೊಳ್ಳೋಣ, ನಾನೇನ್ ಬೇಡ ಅಂದ್ನಾ? ತಪ್ಪಾಯ್ತು, ಇನ್ಮೇಲೆ ಹೀಗೆ ಮಾಡಲ್ಲ ಅಂತ ಒಂದು ಕ್ಷಮಾಪಣೆ ಪತ್ರ ಬರೆದುಕೊಡ್ಲಿ. ಮೇಲಿನವ್ರಿಗೆ ಹೇಳಿ ನಾನು ದೂರು ಹಿಂದಕ್ಕೆ ತಗೊಳ್ತೀನಿ."

ಮಾಡದ ತಪ್ಪಿಗೆ ಕ್ಷಮಾಪಣೆ! ಅವನ ಗಂಟಲು ಹಿಡಿಯಬೇಕು ಅನ್ನಿಸಿತು. ಅಕ್ಕ ಬಾಗಿಲು ತೆಗೆದು ಹೊರಗೆ ಹೋದಳು.

ಮರುದಿನ ಬೆಳಿಗ್ಗೆ ಹತ್ತಕ್ಕೆ ನಿಧಾನಪ್ಪನನ್ನು ಕರೆಸಿದರು. ಪತ್ರ ಆಗಲೇ ತಯಾರಿತ್ತು. 'ಮದ್ಯಪಾನ ಮಾಡಿ ವಾಹನ ನಿಲ್ಲಿಸಿದ್ದು ನನ್ನ ತಪ್ಪು' ಎಂದು ಅದರಲ್ಲಿ ಅಚ್ಚುಕಟ್ಟಾಗಿ ಬರೆದಿತ್ತು. ಅವರು ಓದಿದರು, ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ಓದಿದರು. ಬಾಗಿಲ ಹತ್ತಿರ ನಿಂತಿದ್ದ ಅಕ್ಕ ಅವರಿಗೆ ಎಲ್ಲ ಹೇಳಿದಳು. ಮೇಜಿನದು, ಮುಚ್ಚಳದ್ದು, ಸಹಿಯದು. ಅವರು ತಲೆಯಾಡಿಸಿದರು.

"ಹೋಗ್ಲಿ ಬಿಡು ತಂಗಿ. ನೀನು ಬಾಯಿ ಬಿಟ್ರೆ ನಿನ್ನ ಕಾರ್ಡು ಹೋಗುತ್ತೆ. ನಾನು ಒಂದು ಸಹಿ ಹಾಕಿದ್ರೆ ಎಲ್ರೂ ಉಳ್ಕೋತೀವಿ" ಎಂದು ಪೆನ್ನು ತೆಗೆದುಕೊಂಡರು.

ಆಗ ನಾನು ನಮ್ಮಕ್ಕನ ಸಿಟ್ಟನ್ನು ಮೊದಲ ಬಾರಿಗೆ ಕಂಡೆ. ನೇರವಾಗಿ ಬಂದು ಆ ಕಾಗದವನ್ನು ಕಿತ್ತುಕೊಂಡು ನಾಲ್ಕು ತುಂಡು ಮಾಡಿ ಮ್ಯಾನೇಜರನ ಮುಂದೆ ಹಾಕಿದಳು.

"ಕುಡಿಯದವನ ಕೈಲಿ ಕುಡಿದೆ ಅಂತ ಬರೆಸ್ಕೋತೀಯೇನೋ? ನಿನ್ನ ಬಾಮೈದ ಕುಡಿದದ್ದನ್ನ ಇವರ ಬಾಯಿಗೆ ಸುರೀತೀಯ? ನಾನು ಲಾರಿ ನೋಡ್ದೆ ಸಹಿ ಹಾಕ್ದೆ, ಅದು ನನ್ನ ತಪ್ಪು, ಅದನ್ನ ನಾನು ತಿಂತೀನಿ. ಅಣ್ಣ, ನೀವು ಆ ಪೆನ್ ಕೆಳಗಿಡಿ. ಇಡಿ ಅಂದೆ!"

ಮ್ಯಾನೇಜರನನ್ನು ಯಾರ್ಡಿನಲ್ಲಿ ಅದುವರೆಗೆ ಯಾರೂ ಏಕವಚನದಲ್ಲಿ ಮಾತಾಡಿಸಿರಲಿಲ್ಲ. ಹೊರಗೆ ಡ್ರೈವರುಗಳು ಗುಂಪುಗೂಡಿದ್ದರು. ನಿಧಾನಪ್ಪ ಪೆನ್ನು ಕೆಳಗಿಟ್ಟರು.

ಅಂದು ಮಧ್ಯಾಹ್ನವೇ ಅವಳು ಸಾರಿಗೆ ಕಚೇರಿಗೆ ಬಸ್ಸಿನಲ್ಲಿ ಹೊರಟಳು. ನಾನೂ ಜೊತೆಗೆ ಹೋದೆ. ದಾರಿಯಲ್ಲಿ ತೊಡೆಯ ಮೇಲೆ ಹಾಳೆ ಇಟ್ಟುಕೊಂಡು ಬರೆದಳು. 'ನಲವತ್ತು ವಾಹನಗಳನ್ನು ನೋಡದೆ ಫಾರಂಗಳಿಗೆ ಸಹಿ ಹಾಕಿರುತ್ತೇನೆ. ಎರಡು ಪೆಟ್ಟಿಗೆಗಳು ಅದಲುಬದಲಾಗಿವೆ. ಹದಿನೇಳನೇ ವಾಹನದ ಚಾಲಕರದು ಯಾವ ತಪ್ಪೂ ಇಲ್ಲ.' ಮುಚ್ಚಳ ಹಾಕಿದವನು ನಾನೆಂದು ಎಲ್ಲೂ ಇರಲಿಲ್ಲ. "ನನ್ನ ಹೆಸರೂ ಬರಿ" ಎಂದೆ. "ಫಾರಂ ಮೇಲೆ ಸಹಿ ಯಾರದು?" ಎಂದಳು. ನನಗೆ ಅವಳ ಮೇಲೂ ಸಿಟ್ಟು ಬಂತು. ತಪ್ಪು ಮಾಡಿದವನಿಗೆ ಅದನ್ನು ಹೊರುವ ಹಕ್ಕನ್ನೂ ಕೊಡಲಿಲ್ಲವಲ್ಲ ಎಂದು.

ಅಧಿಕಾರಿ ಓದಿ ತಲೆಯೆತ್ತಿದರು. "ಅಮ್ಮಾ, ಇದನ್ನ ಕೊಟ್ರೆ ನಿಮ್ಮ ಅನುಮತಿ ರದ್ದಾಗುತ್ತೆ. ಮತ್ತೆ ಸಿಗೋದಿಲ್ಲ. ಇನ್ನೊಂದ್ಸಲ ಯೋಚ್ನೆ ಮಾಡಿ."

"ಮಾಡಿದೀನಿ ಸಾರ್. ಈ ನಕಲಿನ ಮೇಲೆ ಬಂತು ಅಂತ ಒಂದು ಸೀಲ್ ಹಾಕ್ಕೊಡಿ" ಎಂದಳು. ಕೊರಳಿಂದ ಕಾರ್ಡು ತೆಗೆದು ಅವರ ಮೇಜಿನ ಮೇಲಿಟ್ಟಳು. ಪ್ಲಾಸ್ಟಿಕ್ ಕವರು ಮಾತ್ರ ವಾಪಸ್ ಕೇಳಿದಳು.

ಆಮೇಲೆ ಏನಾಯಿತು ಕೇಳಿ, ನಿಮಗೂ ಉರಿಯಲಿ. ನಲವತ್ತು ಸರ್ಟಿಫಿಕೇಟ್ ರದ್ದಾದವು. ಆದರೆ ಲಾರಿಗಳು ಒಂದು ದಿನವೂ ನಿಲ್ಲಲಿಲ್ಲ. ಯಾಕೆಂದರೆ ರದ್ದಿನ ಆದೇಶ ಯಾರ್ಡಿಗೆ ಮುಟ್ಟುವ ಮೊದಲೇ ಸರ್ಕಾರ ದಾಟಿಹೋಗಿದ್ದ ಗಡುವನ್ನೇ ಎಲ್ಲರಿಗೂ ಮೂರು ತಿಂಗಳು ಮುಂದಕ್ಕೆ ಹಾಕಿತು. ಬಹಳ ಕಂಪನಿಗಳು ತಯಾರಾಗಿಲ್ಲವಂತೆ! ಆರಬೇಕಾಗಿದ್ದ ನಲವತ್ತು ಒಲೆಗಳಲ್ಲಿ ಆರಿದ್ದು ಒಂದೇ, ನಮ್ಮಕ್ಕನದು. ಕಾರ್ಡಿನ ಜೊತೆ ಅವಳ ಯಾರ್ಡಿನ ಕೆಲಸವೂ ಹೋಯಿತು. ಮ್ಯಾನೇಜರ್ ಇನ್ನೂ ಮ್ಯಾನೇಜರೇ. ರಾಕೆಟ್‌ಗೆ ಎಚ್ಚರಿಕೆಯ ಪತ್ರ ಕೊಟ್ಟು ಬಿಟ್ಟರು. ನನಗೆ ಏನೂ ಆಗಲಿಲ್ಲ, ಅದೇ ಕುರ್ಚಿ, ಅದೇ ಪರದೆ. ಬಿಟ್ಟುಬರುತ್ತೇನೆ ಎಂದರೆ ಅಕ್ಕ, "ಇಬ್ರೂ ಮನೇಲಿ ಕೂತು ಗೋಡೆ ನೆಕ್ಕೋಣ್ವಾ?" ಎಂದು ಬಾಯಿ ಮುಚ್ಚಿಸಿದಳು. ಅವಳು ಹೆದ್ದಾರಿಯ ಪಕ್ಕ ತಗಡಿನ ಶೆಡ್ ಹಾಕಿಕೊಂಡು ಹಾರ್ನ್, ಹೆಡ್‌ಲೈಟ್ ರಿಪೇರಿ ಮಾಡುತ್ತಾಳೆ. ಜಿಪಿಎಸ್ ಪೆಟ್ಟಿಗೆಯನ್ನು ಮುಟ್ಟುವ ಹಾಗಿಲ್ಲ.

ನಿಧಾನಪ್ಪನ ಮೇಲಿದ್ದ ದೂರು ವಜಾ ಆಯಿತು, ಎರಡು ಪೆಟ್ಟಿಗೆಗಳೂ ಆಯಾ ಲಾರಿಗೆ ಸೇರಿದವು. ಯಜಮಾನರೇ ಕರೆದು ಕೀಲಿ ಕೈಗೆ ಕೊಟ್ಟರು. ಎಲ್ಲ ಸರಿಹೋಯಿತು ಎಂದುಕೊಂಡೆ. ಮೊದಲ ದಿನವೇ ಹನ್ನೊಂದು ಗಂಟೆಗೆ ಆಫೀಸಿನ ಫೋನ್ ಹೊಡೆದುಕೊಂಡಿತು.

"ತಮ್ಮಾ, ಹದಿನೇಳನೇ ಗಾಡಿ. ಮೂತ್ರಕ್ಕೆ ನಿಲ್ಲಿಸ್ತಿದೀನಿ. ಐದು ನಿಮಿಷ. ಬರ್ಕೋ."

"ಯಾರೂ ಕೇಳಿಲ್ಲ ಅಣ್ಣ" ಎಂದೆ.

"ಕೇಳೋಕ್ ಮುಂಚೆ ಹೇಳಿಬಿಡೋದು ಒಳ್ಳೇದಪ್ಪ."

ಅಂದಿನಿಂದ ದಿನಕ್ಕೆ ಆರು ಸಲ, ಏಳು ಸಲ. ಊಟಕ್ಕೆ ನಿಂತರೆ ಫೋನು, ಟೈರು ನೋಡಲು ಇಳಿದರೆ ಫೋನು, ರೈಲ್ವೆ ಗೇಟು ಬಿದ್ದರೂ ಫೋನು. ಇಪ್ಪತ್ತಾರು ವರ್ಷ ಯಾರಿಗೂ ಲೆಕ್ಕ ಕೊಡದೆ ನೆಟ್ಟಗೆ ಬದುಕಿದ ಮನುಷ್ಯನನ್ನು ಇವರು ಹೀಗೆ ಮಾಡಿ ಇಟ್ಟರು. ಇದನ್ನು ಅಕ್ಕನಿಗೆ ಹೇಳಲು ನನಗೆ ಬಾಯಿ ಬರಲಿಲ್ಲ.

ಹೋದ ವಾರ ಅವರ ಲಾರಿಯ ಹೆಡ್‌ಲೈಟ್ ಕೆಟ್ಟಿತ್ತು. ಅಕ್ಕನ ಶೆಡ್ಡಿನ ಮುಂದೆ ನಿಲ್ಲಿಸಿ, ಇಳಿಯುವ ಮೊದಲೇ ಫೋನ್ ಮಾಡಿದರು. "ತಮ್ಮಾ, ಹದಿನೇಳನೇ ಗಾಡಿ. ನಿಮ್ಮಕ್ಕನ ಅಂಗಡಿ ಮುಂದೆ. ಹತ್ತೇ ನಿಮಿಷ. ಬೇರೆ ಎಲ್ಲೂ ಅಲ್ಲಪ್ಪ, ಬೇಕಾದ್ರೆ ಅವಳ ಹತ್ರಾನೇ ಕೇಳು—"

ಅಕ್ಕ ಕೇಳಿಸಿಕೊಂಡಿದ್ದಳು. "ದಿನಾ ಹೀಗೇನಾ?" ಎಂದು ಅವರನ್ನು ಕೇಳಿದ್ದು ನನಗೂ ಕೇಳಿಸಿತು. ಆಮೇಲೆ ಫೋನಿನಲ್ಲಿ ಅವಳದೇ ದನಿ.

"ಬರ್ಕೊಳೋ. ಗಾಡಿ ನನ್ನ ಅಂಗಡಿ ಮುಂದೆ ನಿಂತಿದೆ. ಎಷ್ಟು ಹೊತ್ತು ಅಂತ ನಾನೂ ಹೇಳಲ್ಲ, ಇವ್ರೂ ಹೇಳಲ್ಲ. ಯಾಕೆ ಅಂತ ಕೇಳೋ ಯೋಗ್ಯತೆ ಇರೋನು ಯಾವನಾದ್ರೂ ಅಲ್ಲಿದ್ರೆ, ಇಲ್ಲಿಗೇ ಬಂದು ಕೇಳ್ಲಿ."

ಫೋನ್ ಇಟ್ಟಳು. ಪರದೆಯ ಮೇಲೆ ಹದಿನೇಳನೇ ಚುಕ್ಕೆ ಅಲ್ಲೇ ನಿಂತಿತ್ತು. ಹೆಡ್‌ಲೈಟ್ ಹಾಕಲು ಹತ್ತು ನಿಮಿಷ ಸಾಕು. ಲಾರಿ ಒಂದು ಗಂಟೆ ಇಪ್ಪತ್ತು ನಿಮಿಷ ನಿಂತಿತು. ಮ್ಯಾನೇಜರ್ ಬಂದು ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿ, ಕಾರಣ ಬರೆಯಬೇಕಾದ ಜಾಗ ಯಾಕೆ ಖಾಲಿ ಇದೆ ಎಂದ. ನಾನು ಅವನಿಗೆ ಅಕ್ಕನ ಅಂಗಡಿಯ ದಾರಿ ಹೇಳಿದೆ.